ಅಂತರಾಯದ ನಡುವೆ ಉಳಿದ ಶಕ್ತಿ

ಕೊಳ್ಳೇಗಾಲದ ಸಮೀಪದ ಮಧುವನಹಳ್ಳಿಯಂತಹ ಊರುಗಳಲ್ಲಿ ಯಾರಿಗಾದರೂ ಲಕ್ವ ಹೊಡೆದರೆ, ನೋಡಲು ಬಂದವರ ಬಾಯಲ್ಲಿ ಮೊದಲು ಬರುವ ಮಾತು 'ಪೂರ್ವಾರ್ಜಿತ ಕರ್ಮ' ಎಂಬುದು. ಹೇಳಿದವರು ಎದ್ದು ಹೋಗುತ್ತಾರೆ. ನಿನ್ನೆಯವರೆಗೆ ಮನೆಯ ಯಜಮಾನನಾಗಿದ್ದವನು ಆ ಮಾತಿನ ಭಾರ ಹೊತ್ತು ಗೋಡೆಯ ಕಡೆಗೆ ಮುಖ ತಿರುಗಿಸುತ್ತಾನೆ. ಜಿನೇಶ್ವರರು ಕರ್ಮಸಿದ್ಧಾಂತವನ್ನು ಉಪದೇಶಿಸಿದ್ದು ಇದಕ್ಕಾಗಿಯೇ ಎಂದು ಶ್ರಾವಕರಾದವರು ವಿಚಾರಿಸಬೇಕು.

ಕನ್ನಡದ ಕಾದಂಬರಿಕಾರ ನಿರಂಜನರ ಬಾಳು ಈ ವಿಚಾರಕ್ಕೆ ಹಿಡಿದ ಕನ್ನಡಿ. ದಕ್ಷಿಣ ಕನ್ನಡದ ಕುಳಕುಂದದಲ್ಲಿ ೧೯೨೪ರಲ್ಲಿ ಜನಿಸಿದ ಅವರ ಹುಟ್ಟುಹೆಸರು ಶಿವರಾಯ. ಪತ್ರಿಕೆಗಳಲ್ಲಿ ದುಡಿದು, ಕಯ್ಯೂರಿನ ರೈತ ಹೋರಾಟವನ್ನು ಕುರಿತ 'ಚಿರಸ್ಮರಣೆ'ಯೇ ಮೊದಲಾದ ಕಾದಂಬರಿಗಳನ್ನು ರಚಿಸಿ, ಬರವಣಿಗೆಯನ್ನೇ ವೃತ್ತಿಯಾಗಿ ಮಾಡಿಕೊಂಡವರು. ೧೯೭೧ರಲ್ಲಿ ಪಾರ್ಶ್ವವಾಯು ಅವರ ಮೇಲೆ ಎರಗಿತು. ವಯಸ್ಸಿನ್ನೂ ಐವತ್ತು ತುಂಬಿರಲಿಲ್ಲ. ಕಿರಿಯರ ವಿಶ್ವಕೋಶವಾದ 'ಜ್ಞಾನ ಗಂಗೋತ್ರಿ'ಯ ಸಂಪಾದನೆಯ ಹೊಣೆ ಹೆಗಲ ಮೇಲಿತ್ತು.

ಆಗ ಅವರು ಲೇಖನಿಯನ್ನು ಕೆಳಗಿಟ್ಟಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅವರು ಇಡಲಿಲ್ಲ. ಆ ಕೋಶದ ೭ ಸಂಪುಟಗಳೂ ಹೊರಬಂದವು. ೧೯೭೬ರಲ್ಲಿ ಪ್ರಾಚೀನ ಈಜಿಪ್ಟಿನ ಕಥೆಯುಳ್ಳ ಬೃಹತ್ ಕಾದಂಬರಿ 'ಮೃತ್ಯುಂಜಯ' ಪ್ರಕಟವಾಯಿತು. ಅನಂತರ ಜಗತ್ತಿನ ನಾನಾ ದೇಶಗಳ ಸಣ್ಣಕಥೆಗಳನ್ನು ಕನ್ನಡಕ್ಕೆ ತಂದ 'ವಿಶ್ವಕಥಾಕೋಶ'ವು ಅವರ ಸಂಪಾದಕತ್ವದಲ್ಲಿ ೨೫ ಸಂಪುಟಗಳಾಗಿ ಬೆಳೆಯಿತು. ಅದರಲ್ಲಿ ದುಡಿದ ಅನುವಾದಕರು ಅನೇಕರು. ಮನೆಯಲ್ಲಿ ವೈದ್ಯೆಯೂ ಲೇಖಕಿಯೂ ಆದ ಪತ್ನಿ ಡಾ. ಅನುಪಮಾ ಇದ್ದರು. ಒಂದು ದೇಹದ ಬಲ ಕುಗ್ಗಿದಾಗ ಹಲವು ಕೈಗಳು ಕೂಡಿದವು. ಜೀವಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆಂಬ ಉಮಾಸ್ವಾತಿಗಳ ಉಪದೇಶಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ಬೇಕಿಲ್ಲ.

ನಿರಂಜನರು ಜೈನರಲ್ಲ; ಸಮತಾವಾದವನ್ನು ನಂಬಿದವರು. ಒಳ್ಳೆಯದನ್ನು ಎಲ್ಲಿದ್ದರೂ ಒಪ್ಪುವ ಅನೇಕಾಂತದೃಷ್ಟಿಯವರಿಗೆ ಅದು ಅಡ್ಡಿಯಲ್ಲ. ನಮ್ಮ ಆಚಾರ್ಯರು ಅಂತರಾಯ ಕರ್ಮದ ಐದು ಭೇದಗಳಲ್ಲಿ ಕೊನೆಯದಾಗಿ ವೀರ್ಯಾಂತರಾಯವನ್ನು ಹೇಳಿದ್ದಾರೆ. ಅದು ಆತ್ಮಶಕ್ತಿಯನ್ನು ತಡೆಯುವ ಕರ್ಮ. ಆದರೆ ಆ ತಡೆ ಯಾವ ಜೀವನಲ್ಲಿಯೂ ಸಂಪೂರ್ಣವಲ್ಲ. ಅತಿಸೂಕ್ಷ್ಮ ನಿಗೋದ ಜೀವಿಯಲ್ಲಿಯೂ ಶಕ್ತಿಯ ಒಂದಂಶ ಮುಚ್ಚದೆ ಉಳಿದಿರುತ್ತದೆ. ರೋಗಿಯ ಮುಂದೆ ಕರ್ಮವೆಂದಷ್ಟೇ ನುಡಿದು ಸುಮ್ಮನಾಗುವವರು ಶಾಸ್ತ್ರದ ಅರ್ಧವನ್ನು ಮಾತ್ರ ಹೇಳಿದಂತಾಯಿತು. ನಷ್ಟ ಕಂಡ ವ್ಯಾಪಾರಿಯೂ ಹೋದದ್ದನ್ನೇ ಎಣಿಸುತ್ತ ಕೂರುವುದಿಲ್ಲ. ಖಾತೆ ತೆರೆದು, ಉಳಿದ ಬಂಡವಾಳವೆಷ್ಟೆಂದು ನೋಡುತ್ತಾನೆ.

ಕರ್ಮವಿಚಾರವು ಪ್ರತಿಯೊಬ್ಬನೂ ತನ್ನನ್ನು ತಿದ್ದಿಕೊಳ್ಳಲು ಇರುವ ಸಾಧನ. ಅದನ್ನು ಪರರ ಹಾಸಿಗೆಯ ಬಳಿ ತೀರ್ಪಾಗಿ ನುಡಿದರೆ ಅದು ಹಿಂಸೆಯೇ. ರೋಗಿಯನ್ನು ಕಾಣಲು ಹೋದವರು 'ಈಗ ತಮ್ಮಿಂದ ಏನಾದೀತು? ಅದಕ್ಕೆ ನಾವೇನು ಮಾಡಬೇಕು?' ಎಂದು ಕೇಳಲಿ. ಬರೆಯಲಾರದವರು ಹೇಳಬಲ್ಲರು, ಬರೆದುಕೊಳ್ಳಲು ಶಾಲೆಗೆ ಹೋಗುವ ಮೊಮ್ಮಗಳೇ ಸಾಕು. ಮಾತೂ ಹೋದವರು ಕಣ್ಣಿನಿಂದ ಒಪ್ಪಿಗೆ ಸೂಚಿಸಬಲ್ಲರು. ಕಾಯ್ದು ನೋಡುವ ತಾಳ್ಮೆ ಎದುರಿಗಿದ್ದವರಿಗೆ ಬೇಕು. ಅಂತರಂಗ ತಪಸ್ಸುಗಳಲ್ಲಿ ಎಣಿಸಲಾದ ವೈಯಾವೃತ್ಯವು ಮುನಿಗಳ ಸೇವೆಯಿಂದ ಆರಂಭವಾಗಿ ಮನೆಯ ಮೂಲೆಯ ಮಂಚದವರೆಗೂ ಬರಬೇಕು.