ಮೀನಿಗಿಂತ ಮೊದಲು ಟೊಮೆಟೊ

ಜುಲೈ ತಿಂಗಳು, ಬೆಳಿಗ್ಗೆ ಎಂಟೂವರೆ. ಫ್ರಾನ್ಸಿನ ದಕ್ಷಿಣದ ಮಾರ್ಸೇಯ್ ಪಟ್ಟಣದಲ್ಲಿ ಬಿಸಿಲು ಆಗಲೇ ಕಣ್ಣು ಚುಚ್ಚುತ್ತಿದೆ. ಹಳೆಯ ಬಂದರಿನ ಅಂಚಿನಲ್ಲಿ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ 2013ರಲ್ಲಿ ನಿಲ್ಲಿಸಿದ ಚಪ್ಪರದಡಿ ನುಗ್ಗುತ್ತೀರಿ. 46 ಮೀಟರ್ ಉದ್ದ, 22 ಮೀಟರ್ ಅಗಲದ ಉಕ್ಕಿನ ಮಾಡು, ಕನ್ನಡಿಯಷ್ಟು ನುಣುಪು. ತಲೆಯೆತ್ತಿದರೆ ಮೇಲೆ ನೀವೇ ತಲೆಕೆಳಗಾಗಿ ನಡೆಯುತ್ತಿದ್ದೀರಿ. ಅದರಾಚೆ, ನೀರಿಗೆ ಬೆನ್ನು ಮಾಡಿ, ಮೀನಿನ ತೊಟ್ಟಿಗಳ ಸಾಲು.

ಮಾರುವಾಕೆ ಬೆಲೆ ಹೇಳುವುದಿಲ್ಲ, ಮೊದಲು ಕೇಳುತ್ತಾಳೆ: "ಸೂಪಿಗೋ, ಓವನ್ನಿಗೋ?"

ಸುಮ್ಮನೆ ಕೇಳಿದ್ದಲ್ಲ. ಒಂದು ತೊಟ್ಟಿಯಲ್ಲಿರುವುದು ಮುಳ್ಳುಮುಳ್ಳಾದ, ಮೂತಿ ಕೆಟ್ಟ ಬಂಡೆ ಮೀನುಗಳು. ಅವು ಬುಯಾಬೇಸ್ ಎಂಬ ಈ ಊರಿನ ಸೂಪಿಗೆ ಮೀಸಲು. ಅದನ್ನು ಹೀಗೇ ಮಾಡಬೇಕೆಂದು ಇಲ್ಲಿನ ಹೋಟೆಲಿನವರು 1980ರಲ್ಲಿ ಒಂದು ಒಪ್ಪಂದವನ್ನೇ ಬರೆದುಕೊಂಡಿದ್ದಾರೆ. ಓವನ್ ಎಂದರೆ ಬೇರೆ ತೊಟ್ಟಿ. ಆಕೆ ಅದರಿಂದ ಒಂದು ದೊರಾದ್ ಎತ್ತುತ್ತಾಳೆ. ಬೆಳ್ಳಿ ಮೈ, ಎರಡು ಕಣ್ಣುಗಳ ನಡುವೆ ಚಿನ್ನದ ಪಟ್ಟಿ, ಎಂಟುನೂರು ಗ್ರಾಂ ತೂಕ, ಇಬ್ಬರಿಗೆ ಸಾಕು. ಕಿವಿರು ಎತ್ತಿ ನೋಡುತ್ತೀರಿ, ಕೆಂಪಗಿದೆ. ಮಂಗಳೂರಿನ ದಕ್ಕೆಯಲ್ಲಿ ಚೌಕಾಸಿ ಮಾಡಿದವರಿಗೆ ಇಲ್ಲಿ ಹೊಸದಾಗಿ ಕಲಿಯುವುದೇನಿಲ್ಲ. ಹುರುಪೆ ಹೆರೆದು, ಹೊಟ್ಟೆ ತೆಗೆದು ಕೊಡುತ್ತಾಳೆ. ತಲೆ ಕತ್ತರಿಸಬೇಡ ಅನ್ನಿ.

ಬಂದರಿನಿಂದ ಮೇಲಕ್ಕೆ ಹತ್ತಿದರೆ ನೊವಾಯ್ ಬೀದಿಗಳು. ಉತ್ತರ ಆಫ್ರಿಕಾದಿಂದ ಬಂದವರ ಅಂಗಡಿಗಳಲ್ಲಿ ಜೀರಿಗೆ, ಪುದೀನ, ಉಪ್ಪಿನಲ್ಲಿಟ್ಟ ನಿಂಬೆ. ಗೇಣುದ್ದದ ಎಳೆ ಝುಕಿನಿ, ಒತ್ತಿದರೆ ಬಗ್ಗುವಷ್ಟು ಹಣ್ಣಾದ ಟೊಮೆಟೊ, ಸೋಂಪಿನ ಬಿಳಿ ಗೆಡ್ಡೆ, ಈರುಳ್ಳಿ, ಒಂದು ಕಟ್ಟು ಥೈಮ್. ಚೀಲ ತುಂಬಿತು.

ಮಧ್ಯಾಹ್ನದ ಅಡುಗೆಮನೆ. ಬಿಸಿಲು ಒಳಗೆ ಬಾರದಂತೆ ಕಿಟಕಿಯ ಮರದ ಬಾಗಿಲುಗಳನ್ನು ಎಳೆದಿದ್ದೀರಿ. ಇನ್ನು ಅವಸರ ಬೇಡ. ಇಂಥ ಅಡುಗೆ ಕೆಡುವುದು ಮೀನು, ತರಕಾರಿ ಎರಡನ್ನೂ ಒಟ್ಟಿಗೆ ಓವನ್ನಿಗೆ ತಳ್ಳಿದಾಗ. ಸೋಂಪಿನ ಗೆಡ್ಡೆ ಕಲ್ಲಿನಂತೆ ಉಳಿಯುತ್ತದೆ, ಮೀನು ಹತ್ತಿಯಾಗುತ್ತದೆ. ಝುಕಿನಿಯನ್ನು ತೆಳ್ಳಗೆ ಹೆಚ್ಚಿ ಉಪ್ಪು ಸವರಿಡಿ; ಅರ್ಧ ಗಂಟೆಯಲ್ಲಿ ತಟ್ಟೆಯ ತಳದಲ್ಲಿ ನೀರು ನಿಲ್ಲುತ್ತದೆ. ಅದನ್ನು ಚೆಲ್ಲಿ. ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ತಳಕ್ಕೆ ಈರುಳ್ಳಿ ಮತ್ತು ಸೋಂಪು, ಮೇಲೆ ಝುಕಿನಿ, ಟೊಮೆಟೊ ಬಿಲ್ಲೆಗಳು, ಜಜ್ಜಿದ ಬೆಳ್ಳುಳ್ಳಿ. ಆಲಿವ್ ಎಣ್ಣೆಗೆ ಕೈ ಬಿಗಿ ಮಾಡಬೇಡಿ. 200 ಡಿಗ್ರಿಯಲ್ಲಿ ನಲವತ್ತು ನಿಮಿಷ, ಮೀನಿಲ್ಲದೆ.

ವಾಸನೆ ಬದಲಾಗುವುದನ್ನು ಕಾಯಿರಿ. ಮೊದಲು ಹಸಿ ಟೊಮೆಟೊ, ಆಮೇಲೆ ಸೋಂಪಿನ ಘಮ, ಕೊನೆಗೆ ಅಂಚಿನಲ್ಲಿ ಸೀಯುತ್ತಿರುವ ಸಕ್ಕರೆ. ಬಾಗಿಲು ತೆರೆದರೆ ಮುಖಕ್ಕೆ ಝಳ. ಟೊಮೆಟೊ ಕುಸಿದು ಎಣ್ಣೆಯೊಡನೆ ಕಲೆತು ಕೇಸರಿ ಬಣ್ಣದ ಗೊಜ್ಜಾಗಿದೆ. ಈಗ ಮೀನು: ಹೊಟ್ಟೆಯೊಳಗೆ ಥೈಮ್, ಎರಡು ಬಿಲ್ಲೆ ನಿಂಬೆ, ಮೈಗೆ ಉಪ್ಪು, ಎಣ್ಣೆ. ತರಕಾರಿಯ ಹಾಸಿನ ಮೇಲೆ ಮಲಗಿಸಿ ಮತ್ತೆ ಒಳಗೆ. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತೈದು. ನೀರೇ ಹೊತ್ತು ನಿಲ್ಲಿಸುವ ಮೀನಿನ ಮೈಗೆ ಆಡು-ಕುರಿಯಷ್ಟು ಗಟ್ಟಿ ನಾರಿನ ಅಗತ್ಯವಿಲ್ಲ. ಇರುವ ಅಲ್ಪಸ್ವಲ್ಪ ನಾರು ಬೇಗ ಕರಗುತ್ತದೆ. ಒಳಗಿನ ಬಿಸಿ 60 ಡಿಗ್ರಿ ಮುಟ್ಟಿದರೆ ಆಯಿತು. ಥರ್ಮಾಮೀಟರ್ ಇಲ್ಲವೇ? ಬೆನ್ನಿನ ಈಜುರೆಕ್ಕೆ ಹಿಡಿದೆಳೆಯಿರಿ, ಸಲೀಸಾಗಿ ಕೈಗೆ ಬಂದರೆ ಬೆಂದಿದೆ.

ಅಷ್ಟರಲ್ಲಿ ಬಾಟಲಿ. ಕೆಂಪು ವೈನನ್ನು ಬದಿಗಿಡಿ. ಇದು ಬರೀ ಸಂಪ್ರದಾಯವಲ್ಲ. ಜಪಾನಿನ ಸಂಶೋಧಕರು ವೈನುಗಳನ್ನು ಸ್ಕ್ಯಾಲಪ್ ಚಿಪ್ಪುಮೀನಿನ ಜೊತೆ ರುಚಿ ನೋಡಿ, 2009ರಲ್ಲಿ ಕಾರಣ ಬರೆದರು: ವೈನಿನಲ್ಲಿ ಕರಗಿರುವ ಕಬ್ಬಿಣ. ಲೀಟರಿಗೆ 2 ಮಿಲಿಗ್ರಾಂ ದಾಟಿದರೆ ಬಾಯಲ್ಲಿ ಮೀನಿನ ಕಮಟು ಏಳುತ್ತದೆ. ಅದು ಹೆಚ್ಚಾಗಿ ಸಿಗುವುದು ಕೆಂಪಿನಲ್ಲಿ.

ಹಾಗೆಂದು ಬಿಳಿ ಮೀನಿಗೆ ಯಾವುದೋ ಒಂದು ಬಿಳಿ ವೈನ್ ಸಾಲದು. ದೊರಾದ್ ಸೌಮ್ಯ, ಯಾವುದಕ್ಕೂ ಹೊಂದಿಕೊಳ್ಳುತ್ತದೆ. ತಕರಾರು ತೆಗೆಯುವುದು ಟೊಮೆಟೊ. ಅದರ ಹುಳಿಯ ಮುಂದೆ ಹುಳಿ ಕಡಿಮೆಯ ವೈನ್ ಸಪ್ಪೆ ನೀರು. ಎಣ್ಣೆಯ ಮುಂದೆ ತೀರಾ ತೆಳುವಾದದ್ದೂ ನಿಲ್ಲುವುದಿಲ್ಲ. ಆದ್ದರಿಂದಲೇ ನಿಮ್ಮ ಕೈಯಲ್ಲಿರುವುದು ಕಸೀಸ್ ಊರಿನ ಬಿಳಿ ವೈನ್. ಕಸೀಸ್ ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ದೂರದ ಚಿಕ್ಕ ರೇವು. ಅದರ ಪಕ್ಕದಲ್ಲೇ 394 ಮೀಟರ್ ಎತ್ತರದ ಕಡಿದಾದ ಬಂಡೆ, ಕಾಪ್ ಕನಾಯ್. ವೈನಿನ ಹುಟ್ಟೂರಿನ ಹೆಸರನ್ನು ಕಾನೂನಿನಿಂದ ಕಾಯುವ ಪದ್ಧತಿಯಡಿ ಫ್ರಾನ್ಸು 1936ರಲ್ಲಿ ಹೊರಡಿಸಿದ ಮೊದಲ ಪಟ್ಟಿಗಳಲ್ಲೇ ಸೇರಿದ ಊರು. ಸುತ್ತಲಿನ ಪ್ರಾವೆನ್ಸ್ ಪ್ರಾಂತವೆಲ್ಲ ರೋಸೇ ಎಂಬ ಗುಲಾಬಿ ವೈನ್ ಹಿಂಡಿದರೂ ಇದು ಬಿಳಿಯನ್ನೇ ಹಿಡಿದು ಕೂತಿದೆ. ಮಾರ್ಸಾನ್ ದ್ರಾಕ್ಷಿ ಮೈ ಕೊಡುತ್ತದೆ, ಉನಿ ಬ್ಲಾಂ ಹುಳಿ ಕೊಡುತ್ತದೆ. ಹನ್ನೆರಡು ಡಿಗ್ರಿ ತಂಪು ಸಾಕು. ಫ್ರಿಜ್ಜಿನಿಂದ ನೇರ ಸುರಿದರೆ ಪರಿಮಳ ಮುದುರಿಕೊಳ್ಳುತ್ತದೆ.

ಪಾತ್ರೆ ಮೇಜಿಗೆ ಬಂತು. ಚರ್ಮ ಬಿರಿದಿದೆ, ಮಾಂಸ ಎಸಳೆಸಳಾಗಿ ಮುಳ್ಳು ಬಿಡುತ್ತಿದೆ. ಒಂದು ತುತ್ತು ಮೀನು ಬರಿದೇ ತಿನ್ನಿ, ಒಂದು ಗುಟುಕು: ಚೆನ್ನಾಗಿದೆ, ಅಷ್ಟೇ. ಈಗ ಅದೇ ಮೀನಿಗೆ ಟೊಮೆಟೊ, ಸೋಂಪು ಒತ್ತಿಕೊಂಡು ತಿಂದು ಇನ್ನೊಂದು ಗುಟುಕು. ವೈನಿನೊಳಗಿನ ಉಪ್ಪುಪ್ಪು, ಹಣ್ಣು, ಸಣ್ಣ ಕಹಿ ಒಂದೊಂದಾಗಿ ಎದ್ದು ನಿಲ್ಲುತ್ತವೆ. ತಳದ ರಸವನ್ನು ಬ್ರೆಡ್ಡಿನಿಂದ ಒರೆಸುವುದಕ್ಕೆ ಇಲ್ಲಿ ಯಾರೂ ನಾಚುವುದಿಲ್ಲ. ತಲೆ ಉಳಿಸಿಕೊಂಡಿದ್ದೀರಲ್ಲ, ಕೆನ್ನೆಯ ಮಾಂಸ ಅದರಲ್ಲಿದೆ. ಎದುರಿಗಿರುವವರಿಗೆ ಗೊತ್ತಾಗುವ ಮೊದಲು ತೆಗೆದುಕೊಳ್ಳಿ.