ಎದುರುಬದುರಾದ ಎರಡು ದಡಗಳು

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇವೆರಡನ್ನೂ ಮಾಡಿದವರಿಗೂ ಪರನಾಡೊಂದು ಅರ್ಥವಾಗದೆ ಉಳಿಯಬಹುದೆಂಬ ಸಂಗತಿಯನ್ನು ನಾವು ಅರವತ್ತೈದು ದಾಟಿದ ಮೇಲೆ, ಅದೂ ನಮ್ಮ ಮಕ್ಕಳ ಜಗಳದಿಂದ ತಿಳಿದೆವು.

ನಮ್ಮ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದಾನೆ. ಮಗಳು ನೆದರ್‌ಲ್ಯಾಂಡ್ಸ್ ದೇಶದ ಮಾಸ್ಟ್ರಿಕ್ಟ್ ನಗರದಲ್ಲಿದ್ದಾಳೆ. ಸೊಸೆಯ ಬಾಣಂತನಕ್ಕೆ ಮೊದಲು ಬೀಗರು ಹೋಗಿಬಂದರು. ಎರಡನೆಯ ಸರದಿ ನಮ್ಮದಾಯಿತು. ಧಾರವಾಡದಿಂದ ಹೊರಟ ನಾವು ದಂಪತಿಗಳು ಮೂರು ತಿಂಗಳು ಮೊಮ್ಮಗಳನ್ನು ಎತ್ತಿ ಆಡಿಸಿ, ಮರಳುವ ಹಾದಿಯಲ್ಲಿ ಪ್ಯಾರಿಸ್ ನಗರವನ್ನು ಕಂಡು, ಅಲ್ಲಿಂದ ಮಗಳ ಮನೆಯನ್ನು ಸೇರುವುದೆಂದು ನಿಶ್ಚಯಿಸಿದ್ದೆವು.

ನ್ಯೂಜೆರ್ಸಿಯಲ್ಲಿದ್ದಾಗ ಒಂದು ಸಂಜೆ ಅಣ್ಣ-ತಂಗಿಯರು ದೂರವಾಣಿಯಲ್ಲಿ ಮಾತನಾಡುತ್ತಿದ್ದರು. "ಅಣ್ಣಾ, ನಿಮ್ಮ ಅಮೆರಿಕದಲ್ಲಿ ಹೆರಿಗೆಗೂ ರಜೆ ಕೊಡುವುದಿಲ್ಲವಂತೆ. ಅದೆಂಥ ಕಲ್ಲೆದೆಯ ದೇಶ?" ಎಂದಳು ಮಗಳು. "ನಿಮ್ಮ ಯುರೋಪಿನಲ್ಲಿ ರಜೆಯನ್ನು ಬಿಟ್ಟರೆ ಇನ್ನೇನಿದೆ? ಅಲ್ಲಿ ದುಡಿಯುವವರಾದರೂ ಯಾರು?" ಎಂದ ಮಗ. ಮಾತು ಬೆಳೆಯಿತು. ಆ ಮೇಲೆ ಎರಡು ವಾರ ಅವರಿಬ್ಬರೂ ಪರಸ್ಪರ ಮಾತನಾಡಲಿಲ್ಲ. ಒಂದೇ ತಾಟಿನಲ್ಲಿ ಉಂಡು ಬೆಳೆದ ಮಕ್ಕಳು ಎರಡು ಖಂಡಗಳ ವಕೀಲರಂತೆ ವಾದಿಸಿದ್ದನ್ನು ಕೇಳಿ ನಮಗೆ ಕಸಿವಿಸಿಯಾಯಿತು. ವಿಚಾರಿಸಿದಾಗ ಇಬ್ಬರ ಮಾತೂ ಅವರವರ ಕಚೇರಿಯ ಸಂಗಾತಿಗಳಿಂದ ಬಂದುದೆಂದು ತಿಳಿಯಿತು. ಮಗ ಯುರೋಪಿನಲ್ಲಿ ವಾಸವಿದ್ದವನಲ್ಲ; ಮಗಳು ಅಮೆರಿಕವನ್ನು ಕಂಡವಳಲ್ಲ.

ನಿಜಸಂಗತಿ ಇಬ್ಬರ ಮಾತಿಗಿಂತಲೂ ಭಿನ್ನವಾಗಿತ್ತು. ಅಮೆರಿಕದ ಕೇಂದ್ರ ಸರ್ಕಾರದ 1993ರ ಕಾನೂನು ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ 12 ವಾರಗಳ ರಜೆಯನ್ನು ಕೊಡುತ್ತದೆ, ಆದರೆ ವೇತನವಿಲ್ಲ. ನ್ಯೂಜೆರ್ಸಿ ರಾಜ್ಯವು ಅದಕ್ಕೂ ಮುಂದೆ ಹೋಗಿ, ತನ್ನದೇ ವಿಮಾ ವ್ಯವಸ್ಥೆಯಿಂದ ವೇತನದ ಒಂದು ಭಾಗವನ್ನು ತುಂಬಿಕೊಡುತ್ತದೆ. ನೆದರ್‌ಲ್ಯಾಂಡ್ಸಿನಲ್ಲಿ ವೇತನಸಹಿತ 16 ವಾರಗಳ ಹೆರಿಗೆ ರಜೆಯುಂಟು. ಅಷ್ಟೇ ಅಲ್ಲ, ಹೆರಿಗೆಯಾದ ಮೊದಲ ವಾರದಲ್ಲಿ ತರಬೇತಿ ಪಡೆದ ದಾದಿಯೊಬ್ಬಳು ಮನೆಗೇ ಬಂದು ತಾಯಿ-ಮಗುವಿನ ಆರೈಕೆ ಮಾಡುತ್ತಾಳೆ. ಇದನ್ನು ಕೇಳಿದ ನಮ್ಮ ಮನೆಯವರು, "ಹಾಗಾದರೆ ಅಲ್ಲಿಯೂ ಬಾಣಂತನ ಉಂಟು!" ಎಂದು ಸಂತೋಷಪಟ್ಟರು. ಅಮೆರಿಕದ ಐವತ್ತು ರಾಜ್ಯಗಳ ರೀತಿನೀತಿ ಒಂದೇ ಎಂದು ಯುರೋಪಿನವರೂ, ಯುರೋಪ್ ಎಂಬುದು ಒಂದೇ ದೇಶವೆಂದು ಅಮೆರಿಕದವರೂ ಭಾವಿಸುವುದರಿಂದಲೇ ಇಂಥ ಎಷ್ಟೋ ಜಗಳಗಳು ಹುಟ್ಟುತ್ತವೆ.

ಈ ವಿಚಾರ ಮನಸ್ಸಿನಲ್ಲಿದ್ದಾಗಲೇ ಮಗ ನಮ್ಮನ್ನು ಹಡಗಿನಲ್ಲಿ ಸ್ವಾತಂತ್ರ್ಯದೇವಿಯ ಪ್ರತಿಮೆಯ ದರ್ಶನಕ್ಕೆ ಕರೆದೊಯ್ದ. ಪೀಠವೂ ಸೇರಿ 93 ಮೀಟರ್ ಎತ್ತರದ ಈ ಪ್ರತಿಮೆಯ ಹೊರಮೈ ಮೂರು ಮಿಲಿಮೀಟರಿಗೂ ಕಡಿಮೆ ದಪ್ಪದ ತಾಮ್ರದ ತಗಡು. ಶಿಲ್ಪಿ ಫ್ರಾನ್ಸಿನ ಬಾರ್ತೋಲ್ದಿ. ಒಳಗಿನ ಕಬ್ಬಿಣದ ಹಂದರವನ್ನು ರೂಪಿಸಿದವನು ಐಫೆಲ್ ಗೋಪುರದ ಖ್ಯಾತಿಯ ಗುಸ್ತಾವ್ ಐಫೆಲ್. ಪ್ರತಿಮೆಗೆ ಬೇಕಾದ ಹಣವನ್ನು ಫ್ರಾನ್ಸಿನ ಜನ ಕೂಡಿಸಿದರು. ಪೀಠದ ಹಣವನ್ನು ಅಮೆರಿಕನ್ನರು ಕೂಡಿಸಬೇಕಾಗಿತ್ತು. ಅವರು ಮೊದಲಿಗೆ ಅಷ್ಟೇನೂ ಉತ್ಸಾಹ ತೋರಲಿಲ್ಲ. 1885ರಲ್ಲಿ ಜೋಸೆಫ್ ಪುಲಿಟ್ಜರ್ ತನ್ನ ಪತ್ರಿಕೆಯ ಮೂಲಕ ಮೊರೆಯಿಟ್ಟ ಮೇಲೆ ಒಂದು ಲಕ್ಷಕ್ಕೂ ಮಿಕ್ಕಿದ ಜನ ಕಾಸಿಗೆ ಕಾಸು ಸೇರಿಸಿ ಕೊಟ್ಟರು. ಬಹುತೇಕರ ಕಾಣಿಕೆ ಒಂದು ಡಾಲರಿಗೂ ಕಡಿಮೆ. 1886ರ ಅಕ್ಟೋಬರ್ 28ರಂದು ಅನಾವರಣವಾಯಿತು.

ಈ ಕಾಣಿಕೆಗೆ ಪ್ರೇರಣೆಯಾದವನು ಗುಲಾಮಗಿರಿಯ ವಿರೋಧಿಯಾಗಿದ್ದ ಲಬುಲೇ ಎಂಬ ಫ್ರೆಂಚ್ ನ್ಯಾಯಶಾಸ್ತ್ರಜ್ಞ. ದೇವಿಯ ಪಾದದ ಬಳಿ ಮುರಿದ ಸರಪಳಿಯಿದೆ. ಕೆಳಗೆ ನಿಂತವರ ಕಣ್ಣಿಗೆ ಅದು ಸುಲಭವಾಗಿ ಬೀಳುವುದಿಲ್ಲ. ಅಮೆರಿಕನ್ನರು ಆಕೆಯಲ್ಲಿ ಕಂಡುದು ಬೇರೆಯದನ್ನು. ಪಕ್ಕದ ಎಲ್ಲಿಸ್ ದ್ವೀಪದ ಮೂಲಕ 1892ರಿಂದ 1954ರವರೆಗೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ವಲಸಿಗರು ಆ ದೇಶವನ್ನು ಹೊಕ್ಕರು. ಅವರ ಪಾಲಿಗೆ ಆಕೆ ಬಾಗಿಲಲ್ಲಿ ನಿಂತು ಬರಮಾಡಿಕೊಂಡ ತಾಯಿಯಾದಳು. ಕೊಟ್ಟವರ ಭಾವವೊಂದು, ಪಡೆದವರ ಭಾವ ಇನ್ನೊಂದು.

ಪ್ಯಾರಿಸಿಗೆ ಬಂದ ಮೇಲೆ ಸೇನ್ ನದಿಯ ನಡುವಿನ ಹಂಸದ್ವೀಪದಲ್ಲಿ ಅದೇ ದೇವಿಯ ಕಿರಿಯ ಪ್ರತಿಮೆಯನ್ನು ಕಂಡೆವು. ಫ್ರೆಂಚ್ ಕ್ರಾಂತಿಯ ಶತಮಾನೋತ್ಸವದ ವರ್ಷವಾದ 1889ರಲ್ಲಿ, ಪ್ಯಾರಿಸಿನಲ್ಲಿ ನೆಲೆಸಿದ್ದ ಅಮೆರಿಕನ್ನರು ಇದನ್ನು ಕೃತಜ್ಞತೆಯಿಂದ ಕೊಟ್ಟರು. ಹಿರಿಯ ಪ್ರತಿಮೆಯ ಕೈಯಲ್ಲಿರುವ ಫಲಕದಲ್ಲಿ ಅಮೆರಿಕದ ಸ್ವಾತಂತ್ರ್ಯದ ದಿನವಾದ 1776ರ ಜುಲೈ 4 ಮಾತ್ರ ಇದ್ದರೆ, ಕಿರಿಯಳ ಫಲಕದಲ್ಲಿ ಅದರ ಜೊತೆಗೆ 1789ರ ಜುಲೈ 14 ಕೂಡ ಇದೆ. ಮೊದಲು ಪೂರ್ವಕ್ಕೆ ಮುಖವಾಗಿದ್ದ ಈಕೆಯನ್ನು 1937ರಲ್ಲಿ ಪಶ್ಚಿಮಕ್ಕೆ, ಎಂದರೆ ಅಮೆರಿಕದ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದರು. ನಾವು ನಿಂತಿದ್ದಂತೆಯೇ ಅಮೆರಿಕದ ಪ್ರವಾಸಿಯೊಬ್ಬರು, "ನಮ್ಮದನ್ನು ಇವರೇಕೆ ನಕಲು ಮಾಡಿದರು?" ಎಂದು ಮಡದಿಯನ್ನು ಕೇಳಿದರು. ಸುಮಾರು 5,800 ಕಿಲೋಮೀಟರಿನ ಅಂತರದಲ್ಲಿ ಅಕ್ಕತಂಗಿಯರು ಎದುರುಬದುರು ನಿಂತಿದ್ದಾರೆ. ನೋಡುವವರಿಗೆ ನಂಟಸ್ತಿಕೆಯೇ ಮರೆತುಹೋಗಿದೆ.

ಹಿಂದೆಯೂ ಹೀಗೆಯೇ ಇತ್ತೆಂದಲ್ಲ. 1831ರಲ್ಲಿ ಸೆರೆಮನೆಗಳ ಅಧ್ಯಯನಕ್ಕೆಂದು ಅಮೆರಿಕಕ್ಕೆ ಹೋದ ಫ್ರೆಂಚ್ ತರುಣ ತೋಕ್ವಿಲ್ ಒಂಬತ್ತು ತಿಂಗಳು ತಿರುಗಾಡಿ, ಕೇಳಿ, ಬರೆದಿಟ್ಟುಕೊಂಡು ರಚಿಸಿದ ಗ್ರಂಥವನ್ನು ಅಮೆರಿಕನ್ನರೇ ಇಂದಿಗೂ ತಮ್ಮನ್ನು ತಿಳಿಯಲು ಓದುತ್ತಾರೆ. ಆದರೆ ಎಲ್ಲರೂ ತೋಕ್ವಿಲ್ ಆಗಲಾರರು. 2003ರಲ್ಲಿ ಇರಾಕ್ ಯುದ್ಧಕ್ಕೆ ಫ್ರಾನ್ಸ್ ಸಮ್ಮತಿಸಲಿಲ್ಲವೆಂಬ ಸಿಟ್ಟಿನಿಂದ, ಅಮೆರಿಕದ ಪ್ರತಿನಿಧಿ ಸಭೆಯ ಉಪಾಹಾರಗೃಹಗಳಲ್ಲಿ 'ಫ್ರೆಂಚ್ ಫ್ರೈಸ್' ಎಂಬ ಆಲೂಗಡ್ಡೆಯ ಕರಿದ ತಿನಿಸಿನ ಹೆಸರನ್ನೇ 'ಫ್ರೀಡಂ ಫ್ರೈಸ್' ಎಂದು ಬದಲಿಸಿದ್ದರು. ಸಿಟ್ಟು ಇಳಿದು ಹಳೆಯ ಹೆಸರು ಮರಳಿದ್ದು 2006ರಲ್ಲಿ. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ; ಮನಸ್ಸು ಮುರಿದಾಗ ಅದೇ ಬೆಟ್ಟ ಬರೀ ಕಲ್ಲುಮುಳ್ಳಾಗಿ ಕಾಣುತ್ತದೆ. ಎರಡೂ ನೋಟಗಳು ದೂರದವೇ.

ಪ್ಯಾರಿಸಿನಿಂದ ರೈಲಿನಲ್ಲಿ ಮಗಳ ಮನೆ ಸೇರಿದೆವು. ಆಕೆಯ ನೆರೆಮನೆಯಲ್ಲಿ ಎಂಬತ್ತೈದು ದಾಟಿದ ತಾಯಿಯೊಬ್ಬರಿದ್ದಾರೆ. ಮೇ ತಿಂಗಳ ಒಂದು ಭಾನುವಾರ ಅವರು ಹೂವಿನ ಬುಟ್ಟಿ ಹಿಡಿದು ಹೊರಟಾಗ, ಮಂಡಿನೋವಿನ ಅವರಿಗೆ ಆಸರೆಯಾಗಲೆಂದು ಮಗಳೂ ನಾವೂ ಜೊತೆಗೂಡಿದೆವು. ಹತ್ತು ಕಿಲೋಮೀಟರ್ ದೂರದ ಮಾರ್ಗ್ರಾಟನ್ ಗ್ರಾಮದಲ್ಲಿ ಎರಡನೆಯ ಮಹಾಯುದ್ಧದಲ್ಲಿ ಮಡಿದ ಅಮೆರಿಕನ್ ಸೈನಿಕರ ಸಮಾಧಿಭೂಮಿಯಿದೆ. ಹಸಿರು ಹುಲ್ಲಿನ ಮೇಲೆ ಬಿಳಿಯ ಅಮೃತಶಿಲೆಯ ಸುಮಾರು 8,300 ಗುರುತುಗಳು. ದೇಹ ಸಿಗದೆ ಹೋದ 1,722 ಜನರ ಹೆಸರುಗಳನ್ನು ಗೋಡೆಗಳ ಮೇಲೆ ಕೆತ್ತಿದ್ದಾರೆ. 1945ರಿಂದ ಇಲ್ಲಿನ ಸಮಾಧಿಗಳನ್ನು ಸ್ಥಳೀಯ ಕುಟುಂಬಗಳು ದತ್ತು ತೆಗೆದುಕೊಂಡು ಬಂದಿವೆ. ಇಂದು ದತ್ತುವಾಗದ ಒಂದು ಸಮಾಧಿಯೂ ಇಲ್ಲ; ಹೊಸಬರು ಸರದಿಗಾಗಿ ಕಾಯುತ್ತಾರೆ. ಸತ್ತವರನ್ನು ಮಣ್ಣಿಗಿಟ್ಟು, ಆ ನೆಲಕ್ಕೆ ಹೋಗಿ ಹೂವೇರಿಸಿ ಬರುವ ಮನೆತನಗಳಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಆ ತಾಯಿಯ ಪಾಲಿನ ಸಮಾಧಿ ಅಯೋವಾ ರಾಜ್ಯದ ಸೈನಿಕನೊಬ್ಬನದು. ಅವರ ತಾಯಿ ವಹಿಸಿಕೊಂಡಿದ್ದು, ಈಗ ಮಗಳ ಕೈಗೆ ಬಂದಿದೆ. ಕಲ್ಲಿನ ಮೇಲೆ ಹೆಸರು, ಹುದ್ದೆ, ದಳ, ರಾಜ್ಯ ಮತ್ತು ಮಡಿದ ದಿನವಿದೆ, ಹುಟ್ಟಿದ ದಿನವಿಲ್ಲ. ಅವನಿಗೆ ಇಪ್ಪತ್ತೊಂದು ವರ್ಷವೆಂಬುದು ಅವನ ಅಕ್ಕ ಬರೆದ ಪತ್ರದಿಂದ ಇವರಿಗೆ ತಿಳಿಯಿತಂತೆ.

"ಅಮೆರಿಕವೆಂದರೆ ಮುಗಿಲು ಮುಟ್ಟುವ ಕಟ್ಟಡಗಳೆಂದು ನಾವು ತಿಳಿದಿದ್ದೆವು" ಎಂದು ಅವರು ಹೇಳಿದ್ದನ್ನು ಮಗಳು ಕನ್ನಡಿಸಿದಳು. "ಅವನ ಅಕ್ಕ ಕಳಿಸಿದ ಚಿತ್ರದಲ್ಲಿ ಗೋವಿನಜೋಳದ ಹೊಲ, ಹಂದಿಗಳು, ಒಂದು ಮರದ ಮನೆ ಇದ್ದವು. ನಮ್ಮಪ್ಪನ ಹೊಲವೂ ಹಾಗೆಯೇ ಇತ್ತು. ಆಕೆಯೋ, ನಮ್ಮ ಊರಿನಲ್ಲಿ ಗಾಳಿಗಿರಣಿಗಳೆಷ್ಟು, ಸಮುದ್ರ ಎಷ್ಟು ಹತ್ತಿರ ಎಂದು ಕೇಳಿದ್ದಳು. ಇದು ಗುಡ್ಡಗಳ ಸೀಮೆ, ಸಮುದ್ರ ಬಹುದೂರ ಎಂದು ಅಮ್ಮ ಉತ್ತರ ಬರೆದಳು." ಹೀಗೆ ಮೂವತ್ತು ವರ್ಷ ಪತ್ರವ್ಯವಹಾರ ನಡೆಯಿತಂತೆ.

ಇನ್ನೊಂದು ಮಾತನ್ನೂ ಆ ತಾಯಿ ಮರೆಮಾಚಲಿಲ್ಲ. 1944ರ ಚಳಿಮಳೆಯಲ್ಲಿ, ಕೆಸರಿನಲ್ಲಿ ನಿಂತು ಗುದ್ದಲಿ-ಸಲಿಕೆಗಳಿಂದ ಈ ಗುಂಡಿಗಳನ್ನು ತೋಡಿದವರು ಕಪ್ಪುವರ್ಣದ ಅಮೆರಿಕನ್ ಸೈನಿಕರು. ಆಗಿನ ಸೇನೆಯಲ್ಲಿ ಅವರ ತುಕಡಿಗಳೇ ಬೇರೆ. ಆ ಭೇದವನ್ನು ತೊಡೆಯುವ ಆಜ್ಞೆ ಹೊರಟದ್ದು 1948ರಲ್ಲಿ. "ನಮ್ಮನ್ನು ಬಿಡಿಸಲು ಬಂದವರಲ್ಲೇ ಬಿಡುಗಡೆಯಿಲ್ಲದವರೂ ಇದ್ದರು. ಅದನ್ನೂ ಕಂಡಿದ್ದೇವೆ. ಆದರೂ ಹೂವು ತರುತ್ತೇವೆ" ಎಂದರು. ಒಂದು ದೇಶದ ಗುಣವನ್ನೂ ದೋಷವನ್ನೂ ಒಟ್ಟಿಗೆ ಅರಿತು ಆಡಿದ ಇಂಥ ಮಾತನ್ನು ನಾವು ಆ ಪ್ರವಾಸದಲ್ಲಿ ಬೇರೆಲ್ಲಿಯೂ ಕೇಳಲಿಲ್ಲ. ಅವರು ಅಮೆರಿಕಕ್ಕೆ ಒಮ್ಮೆಯೂ ಹೋದವರಲ್ಲ.

ಅಂದು ರಾತ್ರಿ ಮಗಳು ತಾನಾಗಿಯೇ ಅಣ್ಣನಿಗೆ ಫೋನು ಮಾಡಿದಳು. "ಅಣ್ಣಾ, ಅಯೋವಾ ಹೇಗಿದೆ?" ಎಂದು ಕೇಳಿದಳು. ಮಗ ತುಸು ಹೊತ್ತು ಸುಮ್ಮನಿದ್ದು, "ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ತಂಗಿ. ಅಯೋವಾ ನೋಡಿಲ್ಲ" ಎಂದ. ಬಳಿಕ, "ಅದಿರಲಿ, ಮಗು ಹುಟ್ಟಿದಾಗ ಮನೆಗೆ ಬರುವ ಆ ದಾದಿಯ ವಿಷಯ ಹೇಳು" ಎಂದ. ಇಬ್ಬರೂ ಒಂದು ತಾಸು ಮಾತನಾಡಿದರು. ನಾವು ನಡುವೆ ಬಾಯಿ ಹಾಕಲಿಲ್ಲ.

ದೇಶ ಸುತ್ತುವುದೂ ಕೋಶ ಓದುವುದೂ ಒಳ್ಳೆಯದೇ. ಆದರೆ ಅಲ್ಲಿಯವರ ಒಂದು ದುಃಖವನ್ನಾದರೂ ನಮ್ಮದೆಂದು ವಹಿಸಿಕೊಂಡು, ವರ್ಷವರ್ಷವೂ ತಪ್ಪದೆ ನಡೆಸಿಕೊಂಡು ಹೋದಾಗ ಪರನಾಡು ಅರ್ಥವಾಗತೊಡಗುತ್ತದೆಂದು ನಮಗೆ ತೋರುತ್ತದೆ. ಮಕ್ಕಳನ್ನು ಎರಡು ದಡಗಳಲ್ಲಿ ಬಿಟ್ಟುಬಂದಿರುವ ನಮ್ಮಂಥ ಮನೆಗಳಿಗೆ ಇದು ಕೇವಲ ಪ್ರವಾಸದ ಮಾತಲ್ಲ. ಈಗ ಪ್ರತಿ ತಿಂಗಳೂ ಮಾರ್ಗ್ರಾಟನ್ನಿಗೆ ಹೋಗುವ ಆ ಹೂವಿನ ಬುಟ್ಟಿಯನ್ನು ನಮ್ಮ ಮಗಳೇ ಹಿಡಿಯುತ್ತಾಳೆ.