ಬೀಗ ಹಾಕಿದ ಬಾಗಿಲು

ನಮ್ಮದು ಇಬ್ಬರೇ ಉಪಾಧ್ಯಾಯರಿರುವ ಶಾಲೆ. ಒಬ್ಬರಾದರೂ ಶಾಲೆಯಲ್ಲಿರಲೇಬೇಕೆಂಬುದು ನಿಯಮ. ಕೆಲವು ವರ್ಷಗಳ ಹಿಂದೆ ಒಂದು ಗುರುವಾರ ಸಂಜೆ ನನ್ನ ಸಹೋದ್ಯೋಗಿಗಳು ರಜಾ ಪುಸ್ತಕವನ್ನು ತೆರೆದು ನೋಡಿದರು. ಮರುದಿನಕ್ಕೆ ನನ್ನ ರಜೆ ಅದರಲ್ಲಿರಲಿಲ್ಲ. ಅವರು ಮನೆಗೆ ಹೋಗಿ ಅರ್ಜಿ ಬರೆದು ಬೆಳಿಗ್ಗೆ ಒಬ್ಬ ಹುಡುಗನ ಕೈಯಲ್ಲಿ ಕಳುಹಿಸಿದರು. ಅವರು ಹೋದ ಮೇಲೆ ನಾನೂ ಅದೇ ಪುಸ್ತಕವನ್ನು ನೋಡಿದೆ. ಅವರ ರಜೆಯೂ ಇರಲಿಲ್ಲ. ನನ್ನ ಅರ್ಜಿಯನ್ನು ಮೇಜಿನ ಮೇಲಿಟ್ಟು ಹೊರಟೆ. ಇಬ್ಬರೂ ಪುಸ್ತಕ ನೋಡಿಯೇ ನಡೆದಿದ್ದೆವು. ಆದರೂ ಶುಕ್ರವಾರ ಮಕ್ಕಳು ಬೀಗ ಹಾಕಿದ ಬಾಗಿಲ ಮುಂದೆ ಮಳೆಯಲ್ಲಿ ನಿಂತರು. ಒಂದನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದವರೆಗೂ ಜಗಲಿಯಲ್ಲಿ ಕಾದಿದ್ದಳೆಂದು ಆಮೇಲೆ ತಿಳಿಯಿತು. ಆ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಈಚೆಗೆ ನನ್ನ ಹಳೆಯ ಶಿಷ್ಯನೊಬ್ಬನು ರಜೆಯ ಲೆಕ್ಕವಿಡಲು ಕಂಪ್ಯೂಟರಿಗೊಂದು ಪ್ರೋಗ್ರಾಮು ರಚಿಸಿ, ಅದನ್ನು ಬಳಸುವವರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆದುಕೊಡಬೇಕೆಂದು ಕೇಳಿಕೊಂಡನು. ಅವನ ಟಿಪ್ಪಣಿಯಲ್ಲಿ, “ಪ್ರತ್ಯೇಕತೆಯ ಮಟ್ಟ: ರಿಪೀಟಬಲ್ ರೀಡ್” ಎಂದಿತ್ತು.

“ಹಾಗೆಂದರೇನಪ್ಪಾ?” ಎಂದೆ.

“ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ತಗಲದಂತೆ ಡೇಟಾಬೇಸು ನೋಡಿಕೊಳ್ಳುತ್ತದೆ, ಮಾಸ್ತರೇ,” ಎಂದನು.

ಉತ್ತರ ಸಾಲಲಿಲ್ಲ. ಅವನಿಂದಲೇ ಪುಸ್ತಕಗಳನ್ನು ತರಿಸಿಕೊಂಡು ಓದಿದೆ.

ಡೇಟಾಬೇಸಿನಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಎಂದು ಎಣಿಸಬೇಕಾದ ಕೆಲಸಕ್ಕೆ ಟ್ರಾನ್ಸಾಕ್ಷನ್ ಎಂದು ಹೆಸರು. ಇಂತಹ ಹಲವು ಕೆಲಸಗಳು ಏಕಕಾಲದಲ್ಲಿ ನಡೆಯುವಾಗ ಒಂದಕ್ಕೆ ಇನ್ನೊಂದು ಎಷ್ಟು ಕಾಣಬೇಕೆಂಬುದೇ ಪ್ರತ್ಯೇಕತೆಯ ಪ್ರಶ್ನೆ. 1992ರ ಎಸ್‌ಕ್ಯೂಎಲ್ ಪ್ರಮಾಣವು ಇದಕ್ಕೆ ನಾಲ್ಕು ಮಟ್ಟಗಳನ್ನು ಹೇಳಿ, ಮೂರು ದೋಷಗಳಿಂದ ಅವುಗಳನ್ನು ಅಳೆಯಿತು. ಇನ್ನೂ ಖಚಿತವಾಗದ ಅಂಕವನ್ನು ಓದಿಬಿಡುವುದು ಮೊದಲನೆಯ ದೋಷ. ಒಂದೇ ಅಂಕವನ್ನು ಎರಡು ಸಲ ಓದಿದಾಗ ಬೇರೆ ಬೇರೆಯಾಗಿರುವುದು ಎರಡನೆಯದು. ಹಾಜರಿಯನ್ನು ಎರಡನೆಯ ಸಲ ಎಣಿಸುವಾಗ ಹೊಸದೊಂದು ಹೆಸರು ಸೇರಿಕೊಂಡಿರುವುದು ಮೂರನೆಯದು.

ನನ್ನ ಶುಕ್ರವಾರ ಈ ಮೂರರಲ್ಲಿ ಯಾವುದೂ ಅಲ್ಲವಲ್ಲ! ಜಿಮ್ ಗ್ರೇ ಮೊದಲಾದ ವಿದ್ವಾಂಸರು 1995ರ ಪ್ರಬಂಧವೊಂದರಲ್ಲಿ ಆ ಮೂರು ದೋಷಗಳ ಪಟ್ಟಿ ಸಾಲದೆಂದು ತೋರಿಸಿದರು. ಇಬ್ಬರೂ ಒಂದೇ ಹಳೆಯ ಚಿತ್ರವನ್ನು ನೋಡಿ, ತಂತಮ್ಮ ಸಾಲಿನಲ್ಲಿ ಮಾತ್ರ ಬರೆದು, ಒಟ್ಟಿನಲ್ಲಿ ನಿಯಮವನ್ನು ಮುರಿಯುವ ದೋಷಕ್ಕೆ ಅವರು ‘ರೈಟ್ ಸ್ಕ್ಯೂ’ ಎಂದು ಹೆಸರಿಟ್ಟರು. ನಮ್ಮ ರಜಾ ಪುಸ್ತಕದ ಕಥೆಗೆ ಹೆಸರು ದೊರೆಯಿತು.

ಮಟ್ಟದ ಹೆಸರೂ ಎಲ್ಲೆಡೆ ಒಂದೇ ಅರ್ಥ ಕೊಡುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ‘ರೀಡ್ ಅನ್‌ಕಮಿಟೆಡ್’ ಎಂದು ಕೇಳಿದರೂ ದೊರೆಯುವುದು ‘ರೀಡ್ ಕಮಿಟೆಡ್’ ಮಟ್ಟವೇ. ಅದರ ‘ಸೀರಿಯಲೈಸಬಲ್’ ಎಂಬ ಅತ್ಯುನ್ನತ ಮಟ್ಟವೂ 2011ರಲ್ಲಿ 9.1ನೆಯ ಆವೃತ್ತಿ ಬರುವವರೆಗೆ ರೈಟ್ ಸ್ಕ್ಯೂವನ್ನು ತಡೆಯುತ್ತಿರಲಿಲ್ಲ. ಹೀಗಿರುವಾಗ ಕೈಪಿಡಿಯಲ್ಲಿ ಹೆಸರನ್ನಷ್ಟೇ ಬರೆದರೆ, ಅರ್ಥ ಹೇಳದೆ ಪದವನ್ನು ಬಾಯಿಪಾಠ ಮಾಡಿಸಿದಂತೆಯೇ ಸರಿ.

ಅವನು ಬಳಸಿದ್ದುದೂ ಪೋಸ್ಟ್‌ಗ್ರೆಸ್ಸೇ. ನನ್ನ ಕಥೆಯನ್ನು ಅವನಿಗೆ ಹೇಳಿದೆ. ಇಬ್ಬರೂ ಎರಡು ಕಂಪ್ಯೂಟರುಗಳ ಮುಂದೆ ಕುಳಿತು ಒಂದೇ ದಿನಕ್ಕೆ, ಒಂದೇ ಗಳಿಗೆಯಲ್ಲಿ ರಜೆ ಕೇಳಿದೆವು. ಇಬ್ಬರಿಗೂ ರಜೆ ಮಂಜೂರಾಯಿತು! ಹುಡುಗನ ಮುಖ ಕಪ್ಪಿಟ್ಟಿತು. ಮಟ್ಟವನ್ನು ಸೀರಿಯಲೈಸಬಲ್ ಎಂದು ಬದಲಿಸಿ ಮತ್ತೆ ಕೇಳಿದಾಗ, ಒಬ್ಬರಿಗೆ ರಜೆ ದೊರೆತು ಇನ್ನೊಬ್ಬರ ಅರ್ಜಿ ಹಿಂದಿರುಗಿತು.

ಆ ರಾತ್ರಿ ಕೈಪಿಡಿಯಲ್ಲಿ ಹೀಗೆ ಬರೆದೆ: “ನಿಮ್ಮ ಅರ್ಜಿ ಹಿಂದಿರುಗಿದರೆ ಯಂತ್ರ ಕೆಟ್ಟಿತೆಂದು ತಿಳಿಯಬೇಡಿ. ಅದೇ ಗಳಿಗೆಯಲ್ಲಿ ನಿಮ್ಮ ಜತೆಯವರೂ ರಜೆ ಬರೆದಿರಬಹುದು. ಪುಸ್ತಕವನ್ನು ಇನ್ನೊಮ್ಮೆ ನೋಡಿರಿ. ಒಬ್ಬರು ಉಳಿಯುವಂತಿದ್ದರೆ ಮಾತ್ರ ಮತ್ತೆ ಬರೆಯಿರಿ.”

ಮಟ್ಟದ ಹೆಸರನ್ನು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದೆ. ಬರೆಯುವಾಗ ನನ್ನ ಕಣ್ಣ ಮುಂದಿದ್ದವಳು ಜಗಲಿಯಲ್ಲಿ ಕಾದಿದ್ದ ಆ ಹುಡುಗಿ.